ಸಕೆಲಾರಿಯ ಎತ್ತರದ ಮೇಣದ ಬತ್ತಿ

ನನ್ನ ಅತ್ತಿಗೆ ಥೆಮೆಲಿನಾ ಆ ದಾರ ಕತ್ತರಿಸಿದಾಗ ನಾನು ಅವಳ ಎದುರಿಗೇ ಕೂತು ಸಾಂಬ್ರಾಣಿ ಕುಟ್ಟುತ್ತಿದ್ದೆ. ಕುಟ್ಟಾಣಿಯ ಗುಂಡು ಕೈಯಿಂದ ಜಾರಿ ಹೆಬ್ಬೆರಳ ಮೇಲೆ ಬಿತ್ತು. ನೋವು ಗೊತ್ತಾದದ್ದು ಸಂಜೆಗೆ. ಅಂಥ ಕೆಲಸ ಮಾಡಿದಳು ಮಹಾತಾಯಿ! ಮೊದಲು ಅವಳು ಎಂಥವಳು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಹಾಗೆ ಹೌಹಾರಿದೆ ಅನ್ನೋದು ನಿಮಗೆ ತಿಳಿಯೋದಿಲ್ಲ.

ಇಟಲಿಯವರು ನಮ್ಮ ಕಾಲಿಮ್ನೊಸ್ ದ್ವೀಪವನ್ನು ಆಳುತ್ತಿದ್ದ ಕಾಲ. ಥೆಮೆಲಿನಾಳ ಅಪ್ಪ ಊರಿಗೆಲ್ಲ ಮೇಣದ ಬತ್ತಿ ಮಾಡುವವನು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಕಸುಬು ಮಗಳ ಕೈಗೆ ಬಂತು. ಅಂಗಡಿಯ ತೊಲೆಯಿಂದ ಮರದ ಬಳೆಯೊಂದು ನೇತಾಡುತ್ತಿತ್ತು. ಅದರ ಸುತ್ತ ಹತ್ತಿಯ ದಾರಗಳನ್ನು ಇಳಿಬಿಟ್ಟು, ಕಾದ ಜೇನುಮೇಣವನ್ನು ಸೌಟಿನಿಂದ ಹೊಯ್ಯುತ್ತ, ಬಳೆ ತಿರುಗಿಸುತ್ತ, ಮತ್ತೆ ಹೊಯ್ಯುತ್ತ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನಿಂತೇ ಇರುತ್ತಿದ್ದಳು. ಮೇಣ ಒಂದು ಹದಕ್ಕೆ ತಣ್ಣಗಾದ ಮೇಲೆ ಬತ್ತಿಗಳನ್ನು ಹಲಗೆಯ ಮೇಲೆ ಉರುಳಿಸಿ ನಯ ಮಾಡಬೇಕು. ಅವಳ ಉಡುಪು, ಕೂದಲು, ಅವಳು ನಾದಿದ ಹಿಟ್ಟು, ಎಲ್ಲಕ್ಕೂ ಬೆಟ್ಟದ ಜೇನಿನ ವಾಸನೆ. ನಮ್ಮಣ್ಣ ಪಂತೆಲಿ ಮದುವೆಯಾದ ಹೊಸದರಲ್ಲಿ, "ರೊಟ್ಟಿ ತಿಂತಿದೀನೋ ಇಗರ್ಜಿಲಿ ಕೂತಿದೀನೋ ಗೊತ್ತಾಗಲ್ಲ ಕಣೇ" ಅಂತ ರೇಗಿಸುತ್ತಿದ್ದ.

ಮಗುವಿಗೆ ದೀಕ್ಷಾಸ್ನಾನವೇ? ಅವಳ ಬತ್ತಿ. ಮದುವೆಯೇ? ಜೋಡಿ ಬತ್ತಿ. ಸತ್ತವರ ತಲೆದೆಸೆಗೂ ಅವಳದ್ದೇ. ಈಸ್ಟರಿನ ರಾತ್ರಿ ಇಗರ್ಜಿಯಿಂದ ಉರಿಯುವ ಬತ್ತಿ ತಂದು, ಹೊಗೆಯಿಂದ ಬಾಗಿಲ ಮೇಲೆ ಶಿಲುಬೆ ಬರೆದು, ಉಳಿದ ತುಂಡನ್ನು ಎತ್ತಿಡುತ್ತೇವೆ. ಸಮುದ್ರ ರೊಚ್ಚಿಗೆದ್ದ ದಿನ ಅದನ್ನು ಹಚ್ಚಬೇಕು. ಸಂಜೆ ಮನೆಮನೆಗೆ ಧೂಪ ಹಾಕುವುದಕ್ಕೆ ಸಾಂಬ್ರಾಣಿ, ದೃಷ್ಟಿ ತೆಗೆಯುವುದಕ್ಕೆ ಒಣಗಿದ ಆಲಿವ್ ಎಲೆ, ಅದೂ ಅವಳ ಅಂಗಡಿಯಿಂದಲೇ. ಅಜ್ಜಿಯ ಕಾಲದಲ್ಲಿ ಊರಿಗೆ ಸಿಡುಬು ಬಡಿದಾಗ ಅವಳ ಮನೆತನದವರು ಮೇಣ ಮೆತ್ತಿದ ದಾರವನ್ನು ಇಗರ್ಜಿಯ ಸುತ್ತ ಸುತ್ತಿ ಹಚ್ಚಿದ್ದರಂತೆ. ಅಂಥ ಮನೆಯ ಹೆಣ್ಣು. ಅಣ್ಣ ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ತೀರಿಕೊಂಡ. ಮಕ್ಕಳಿಲ್ಲ. ನನಗೂ ಮದುವೆ ಆಗಿರಲಿಲ್ಲ. ನಾವಿಬ್ಬರೇ ಆ ಮನೆಯಲ್ಲಿ ಉಳಿದೆವು. ಅವಳು ಬಾಯಿ ಬಿಡುವವಳಲ್ಲ, ನಾನು ಇಬ್ಬರ ಪಾಲಿನದ್ದನ್ನೂ ಮಾತಾಡುವವಳು. ಚೆನ್ನಾಗಿಯೇ ನಡೆದಿತ್ತು.

ಇನ್ನು ಆ ಎತ್ತರದ ಬತ್ತಿಯ ವಿಷಯ. ನಮ್ಮವರು ಸಮುದ್ರದ ತಳದಿಂದ ಸ್ಪಂಜು ತೆಗೆಯಲು ಈಸ್ಟರ್ ಮುಗಿಯುತ್ತಲೇ ಆಫ್ರಿಕಾದ ಕರಾವಳಿಗೆ ದೋಣಿ ಹತ್ತಿದರೆ, ತಿರುಗಿ ಬರುವುದು ಚಳಿ ಬೀಳುವ ಹೊತ್ತಿಗೆ. ಕೆಲವರು ಬರುವುದೇ ಇಲ್ಲ. ಮನೆಯವನ ಜೀವಕ್ಕೆ ಕುತ್ತು ಅನಿಸಿದರೆ ಹೆಂಗಸರು ಸಂತ ನಿಕೊಲಾನಿಗೆ ಹರಕೆ ಹೊರುತ್ತಾರೆ: ಅವನಷ್ಟೇ ಎತ್ತರದ ಬತ್ತಿ. ಅದನ್ನು ನೆಲದ ಮೇಲೆಯೇ ನಿಲ್ಲಿಸಿ ಇಗರ್ಜಿಯ ಕಂಬಕ್ಕೆ ಕಟ್ಟುವುದು, ಮನುಷ್ಯ ನಿಂತ ಹಾಗೆ. ಬದುಕಿ ಬಂದವನು ತನ್ನ ಕೈಯಾರೆ ಹಚ್ಚಬೇಕು. ಬರದೇ ಹೋದರೆ ಪಾದ್ರಿಗಳು ಅವನ ತಿಥಿಯ ದಿನ ಹಚ್ಚುತ್ತಾರೆ. ಅಳತೆ ಮಾತ್ರ ತಪ್ಪಕೂಡದು. ಬೆರಳಗಲ ಹೆಚ್ಚುಕಮ್ಮಿಯಾದರೂ ಅದು ಬೇರೆ ಯಾರದೋ ಹರಕೆಯಾಗುತ್ತದೆ, ಸಂತನಿಗೆ ಮುಟ್ಟುವುದಿಲ್ಲ. ಅದಕ್ಕೇ ಗಂಡಸರನ್ನು ಹೊರಡುವ ಮೊದಲೇ ಅಂಗಡಿಗೆ ಕರೆತಂದು, ಬರಿಗಾಲಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ಥೆಮೆಲಿನಾ ಹಿಮ್ಮಡಿಯಿಂದ ನೆತ್ತಿಗೆ ದಾರ ಎಳೆದು ಕತ್ತರಿಸುತ್ತಿದ್ದಳು. ಆ ದಾರವೇ ಬತ್ತಿಯ ಒಡಲು. ಅಂದಾಜಿನ ಮೇಲೆ ಕತ್ತರಿಸಿಕೊಡು ಅಂತ ಯಾರಾದರೂ ಕೇಳಿದರೆ, "ಆಗಲ್ಲ" ಅನ್ನುವ ಒಂದೇ ಮಾತು. ನಮ್ಮಣ್ಣನಿಗೆ ಜ್ವರ ಏರಿದಾಗಲೂ ಅವನನ್ನು ಎಬ್ಬಿಸಿ, ನನ್ನ ಹೆಗಲಿಗೆ ಒರಗಿಸಿ, ಅಳೆದೇ ಕತ್ತರಿಸಿದ್ದಳು.

ಆ ವರ್ಷ ದೋಣಿಗಳೆಲ್ಲ ಬಂದವು, ಒಂದು ಬರಲಿಲ್ಲ. ಅದರಲ್ಲಿ ಸಕೆಲಾರಿ ಇದ್ದ. ನೀರಿಗಿಳಿಯುವವನಲ್ಲ. ಹುಡುಗಾಟದ ವಯಸ್ಸಿನಲ್ಲೇ ಆಳದಿಂದ ಮೇಲೆ ಬರುವಾಗ ಸಮುದ್ರ ಅವನನ್ನು ಹಿಡಿದುಕೊಂಡು ಒಂದು ಕಾಲು ಸೋತುಹೋಗಿತ್ತು. ನಮ್ಮಲ್ಲಿ ಅಂಥವರು ಬೀದಿಗೊಬ್ಬರು. ಈಗ ದೋಣಿಯಲ್ಲಿ ಅಡುಗೆ ಮಾಡಿಕೊಂಡಿದ್ದ. ಹೆಂಡತಿ ಸೆವಾಸ್ತಿ ಪಕ್ಕದ ಲೇರೊಸ್ ದ್ವೀಪದವಳು.

ಅವಳು ಒಂದು ಬೆಳಗ್ಗೆ ಗಂಡನ ಕೋಟು ಎದೆಗವಚಿಕೊಂಡು ಅಂಗಡಿಗೆ ಓಡಿಬಂದಳು. ಧೂಪ ಕೊಳ್ಳಲು ಬಂದ ನಾಲ್ಕು ಹೆಂಗಸರೂ ಅಲ್ಲಿದ್ದರು.

"ಥೆಮೆಲಿನಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಅವನದೊಂದು ಬತ್ತಿ ಮಾಡಿಕೊಡು."

"ಅಳತೆ ಎಲ್ಲಿ?"

"ತಗೊಂಡಿರ್ಲಿಲ್ಲ ಅಕ್ಕ. ಅಡುಗೆಯವನಿಗೆ ಏನಾಗತ್ತೆ ಅಂದ್ಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಈ ಕೋಟು ನೋಡು. ಇದರ ಮೇಲೆ ಕುತ್ತಿಗೆ, ತಲೆ..." ಅಂತ ಗಾಳಿಯಲ್ಲಿ ಕೈ ಎತ್ತಿ ತೋರಿಸಲು ಹೋದಳು. ಕೈಯನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಅಳತೊಡಗಿದಳು.

ನಾನು, "ಕೋಟಿನ ಮೇಲೆ ಅಳೆಯೋಕಾಗಲ್ಲಮ್ಮಾ" ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಥೆಮೆಲಿನಾ ಎದ್ದಳು. ಉಂಡೆಯಿಂದ ದಾರ ಎಳೆದಳು. ಒಂದು ತುದಿಯನ್ನು ತನ್ನ ಹಿಮ್ಮಡಿಯ ಕೆಳಗೆ ಒತ್ತಿಕೊಂಡಳು. ಇನ್ನೊಂದು ಕೈಯನ್ನು ತನ್ನ ತಲೆಗಿಂತ ಮೇಲಕ್ಕೆ ಎತ್ತಿ, ಕಣ್ಣು ಮುಚ್ಚಿ, ಒಂದು ಕಡೆ ತಟ್ಟನೆ ನಿಲ್ಲಿಸಿದಳು. ಹುಡುಕಲಿಲ್ಲ, ತಡವರಿಸಲಿಲ್ಲ. ಕತ್ತರಿ ಕಚಕ್ ಅಂತು.

ಕುಟ್ಟಾಣಿಯ ಗುಂಡು ನನ್ನ ಹೆಬ್ಬೆರಳ ಮೇಲೆ ಬಿದ್ದದ್ದೂ ಆಗಲೇ.

ನಾಲ್ಕು ಹೆಂಗಸರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಸೆವಾಸ್ತಿಯ ಅಳು ನಿಂತುಹೋಯಿತು. ದಾರವನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು.

"ನನ್ನ ಗಂಡನ ಎತ್ತರ ನಿಂಗೆ ಹೆಂಗೆ ಗೊತ್ತು?"

ಥೆಮೆಲಿನಾ ಕಣ್ಣು ತೆರೆದಳು. ತಾನು ಏನು ಮಾಡಿದೆ ಅನ್ನುವುದು ಅವಳಿಗೆ ಆಗ ಹೊಳೆಯಿತು ಅಂತ ಕಾಣುತ್ತದೆ, ಮುಖ ಮೇಣದ ಹಾಗೆ ಬಿಳಿಚಿತು.

"ಕೇಳ್ತಿರೋದು ನಿನ್ನನ್ನೇ! ಹತ್ತು ವರ್ಷ ಸಂಸಾರ ಮಾಡಿದ ನಂಗೇ ಕೈಯೆತ್ತಿ ತೋರ್ಸೋಕೆ ಬರ್ಲಿಲ್ಲ. ನೀನು ಕಣ್ಮುಚ್ಚಿ ಕತ್ತರಿಸ್ತೀಯಲ್ಲ! ಎಷ್ಟು ಹತ್ರ ನಿಂತಿದ್ದೆ ಅವನಿಗೆ? ಹೇಳೇ!"

ಅತ್ತಿಗೆ ಕತ್ತರಿಯನ್ನು ಕೆಳಗಿಟ್ಟಳು. ಸೆವಾಸ್ತಿ ಹೊಸ್ತಿಲ ಮೇಲೆ ಥೂ ಅಂತ ಉಗಿದು ಹೊರಟೇಹೋದಳು.

ಆಮೇಲೆ ನಾನು ಸುಮ್ಮನಿರುವವಳೇ? ಬಾಗಿಲು ಹಾಕಿ ಜಾಡಿಸಿದೆ. "ಹೇಳು ಅತ್ತಿಗೆ, ನಮ್ಮಣ್ಣ ಬದುಕಿದ್ದಾಗಲೋ, ಸತ್ತ ಮೇಲೋ? ಮಲಗಿದ್ದ ಅವನನ್ನ ಎಬ್ಬಿಸಿ ಅಳೆದೆಯಲ್ಲ, ಕಟ್ಟಿಕೊಂಡ ಗಂಡನ ಎತ್ತರ ನಿಂಗೆ ನೆನಪಿರ್ಲಿಲ್ಲ, ಈ ಕುಂಟನದು ನೆನಪಿದೆಯಾ?"

"ಮೇಣ ಕಾದಿದೆ ಕಲೊತಿನಾ. ದಾರಿ ಬಿಡು," ಅಂದಳು.

"ಯಾವ ಮುಖ ಇಟ್ಕೊಂಡು ಬತ್ತಿ ಮಾಡ್ತೀಯ? ಅವಳು ಬೇಡ ಅಂತ ಉಗಿದು ಹೋದ್ಲು!"

"ಅವನು ಬರಬೇಕಲ್ಲ," ಅಂದವಳೇ ಸೌಟು ಕೈಗೆತ್ತಿಕೊಂಡಳು. ದೇವರಾಣೆ, ಆ ಕ್ಷಣ ಅವಳನ್ನು ಹಿಡಿದು ಅಲುಗಾಡಿಸಬೇಕು ಅನಿಸಿತು. ಅಣ್ಣನ ಪಟ ಗೋಡೆಯ ಮೇಲೆ ನೇತಾಡುತ್ತಿತ್ತು, ಅದರ ಕಡೆ ನೋಡಲಾರದೆ ಹಿತ್ತಲಿಗೆ ಹೋಗಿ ಮನಸಾರೆ ಅತ್ತೆ.

ಊರಿನ ಬಾಯಿಗೆ ಬೀಗ ಹಾಕುವವರುಂಟೇ? ಊರವರೆಲ್ಲ ರೊಟ್ಟಿ ಸುಡುವ ಒಲೆಯ ಹತ್ತಿರ ನಾನು ಹೋದರೆ, "ಏನೇ ಕಲೊತಿನಾ, ನಿಮ್ಮತ್ತಿಗೆ ಊರಿನ ಗಂಡಸರನ್ನೆಲ್ಲ ಕಣ್ಣಲ್ಲೇ ಅಳೀತಾಳಂತೆ? ನನ್ನ ಗಂಡನ್ನ ಇನ್ಮೇಲೆ ಆ ಬೀದೀಗೆ ಬಿಡಲ್ಲಮ್ಮಾ" ಅಂತ ಒಬ್ಬಳು, ಮಿಕ್ಕವರು ಕಿಸಕ್ಕನೆ ನಗುವುದು. ಸಾಲದ್ದಕ್ಕೆ ಬತ್ತಿ ಕೊಳ್ಳುವವರು ನಿಂತರು. ಅವಳು ಮುಟ್ಟಿದ ಧೂಪ ಮನೆಯಲ್ಲಿ ಹಾಕಬಾರದು ಅಂದರು. ತಲೆತಲಾಂತರದ ಅಂಗಡಿಯ ಮುಂದೆ ನಾಯಿ ಕೂಡ ಸುಳಿಯದ ಹಾಗಾಯಿತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಸುಳ್ಳಾದರೂ ಹೇಳಬಾರದೇ! ಅವಳು ಹೇಳಲಿಲ್ಲ. ನಾನು ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ.

ಬತ್ತಿ ಸಿದ್ಧವಾಗಿ ಗೋಡೆಗೆ ಒರಗಿತ್ತು. ಒಂದು ಮುಂಜಾನೆ ಬಾಗಿಲು ಬಡಿದ ಸದ್ದು. ನೋಡಿದರೆ ಸೆವಾಸ್ತಿ! ಮತ್ತೆ ಜಗಳವೇ ಅಂತ ನಾನು ತೋಳೇರಿಸಿ ನಿಂತೆ. ಕಣ್ಣು ಗುಳಿಬಿದ್ದು, ಹದಿನೈದು ವರ್ಷ ಹೆಚ್ಚು ವಯಸ್ಸಾದವಳ ಹಾಗೆ ಕಾಣುತ್ತಿದ್ದಳು.

"ಕೊಡು," ಅಂದಳು. "ನಿನ್ನ ಕೈಯ ಮೇಣ ಮುಟ್ಟೋಕೂ ನಂಗೆ ಅಸಹ್ಯ. ಆದ್ರೆ ಅಳತೆ ಗೊತ್ತಿರೋಳು ನೀನೊಬ್ಳೇ. ಅವನು ಬರ್ಲಿ. ಆಮೇಲೆ ನಿಮ್ಮಿಬ್ಬರನ್ನೂ ನೋಡ್ಕೋತೀನಿ."

ಥೆಮೆಲಿನಾ ಬತ್ತಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವಳ ಹೆಗಲ ಮೇಲಿಟ್ಟಳು. ಸೆವಾಸ್ತಿ ಅದನ್ನು ಹೊತ್ತು, ಇಗರ್ಜಿಯ ಮೆಟ್ಟಿಲನ್ನು ಮಂಡಿಯ ಮೇಲೆ ಹತ್ತಿದಳಂತೆ. ಪಾದ್ರಿಗಳು ಕಂಬಕ್ಕೆ ಕಟ್ಟಿದರು. ಅಂದಿನಿಂದ ದಿನಾ ಅದರ ಬುಡದಲ್ಲಿ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ ಕೂರುತ್ತಿದ್ದಳು. ಹಾಗೆ ಕೂತವಳಿಗೆ ಯಾವ ಬತ್ತಿಯೂ ಎತ್ತರವೇ.

ಸಂತ ನಿಕೊಲಾನ ಹಬ್ಬ ಇನ್ನೇನು ಬಂತು ಅನ್ನುವಾಗ, ಬಂದರಿನಿಂದ ಕೂಗೆದ್ದಿತು. ಗಂಟೆಗಳು ಹೊಡೆದವು. ಬಂತು, ದೋಣಿ ಬಂತು! ಹಾಯಿಕಂಬ ಮುರಿದು ಆಫ್ರಿಕಾದ ಯಾವುದೋ ಕೊಲ್ಲಿಯಲ್ಲಿ ಇಷ್ಟು ದಿನ ಬಿದ್ದಿದ್ದರಂತೆ, ಒಬ್ಬರ ಕೂದಲೂ ಕೊಂಕಿಲ್ಲ. ಊರಿಗೆ ಊರೇ ಓಡಿತು. ಸೆವಾಸ್ತಿ ಗಂಡನನ್ನು ತಬ್ಬಿಕೊಂಡು, ಮರುಗಳಿಗೆಗೇ ರಟ್ಟೆ ಹಿಡಿದು ಸೀದಾ ಇಗರ್ಜಿಗೆ ಎಳೆದುಕೊಂಡು ಹೋದಳು. ನಾವೆಲ್ಲ ಹಿಂದೆಯೇ. ಥೆಮೆಲಿನಾ ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲ ಹತ್ತಿರ ನಿಂತಳು. ಜನ ಅವಳಿಂದ ಸರಿದು ನಿಂತರು.

ಸಕೆಲಾರಿ ಎಡಗಾಲು ಎಳೆಯುತ್ತ, ಕೋಲೂರುತ್ತ ಕಂಬದ ಬಳಿ ಹೋಗಿ ತನ್ನ ಬತ್ತಿಯ ಪಕ್ಕ ನಿಂತ.

ಅಯ್ಯೋ ದೇವರೇ! ಬತ್ತಿ ಅವನಿಗಿಂತ ಒಂದು ಗೇಣು ಎತ್ತರ ಇತ್ತು!

ಇಗರ್ಜಿ ತುಂಬ ಗುಜುಗುಜು ಎದ್ದಿತು. "ಅಳತೆ ತಪ್ಪು! ತಪ್ಪು ಅಳತೆ!" ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಮೊದಲು ನಾನೂ ಹಾಕಿಕೊಂಡೆ, ಆಮೇಲೆ ನನಗೆ ಕುಣಿಯುವಷ್ಟು ಖುಷಿಯಾಯಿತು. ತಪ್ಪು! ಅಂದರೆ ನಮ್ಮತ್ತಿಗೆಗೆ ಏನೂ ಗೊತ್ತಿರಲಿಲ್ಲ! ಅಳುತ್ತಿದ್ದವಳ ಮೇಲೆ ಕನಿಕರಕ್ಕೆ ಕುರುಡಂದಾಜಿನಲ್ಲಿ ಕತ್ತರಿಸಿದ್ದಾಳೆ, ಅಷ್ಟೇ. ಒಲೆಯ ಹತ್ತಿರ ನಕ್ಕಿದ್ದವಳ ಕಡೆ ತಿರುಗಿ ಗಟ್ಟಿಯಾಗಿಯೇ ಅಂದೆ, "ನೋಡಿದೆಯೇನೇ? ಈಗ ನಗು! ಅವನ ಎತ್ತರ ಅವಳಿಗೆ ಗೊತ್ತೇ ಇರ್ಲಿಲ್ಲ!" ಅವಳು ತಲೆ ತಗ್ಗಿಸಿದಳು. ನನ್ನ ಅಣ್ಣನ ಮಾನ ಉಳಿಯಿತು ಅಂತ ನಿಟ್ಟುಸಿರು ಬಿಟ್ಟೆ.

ಸೆವಾಸ್ತಿ ಮಾತ್ರ ಅಲುಗಾಡದೆ ನಿಂತಿದ್ದಳು.

"ನೆಟ್ಟಗೆ ನಿಂತ್ಕೋ," ಅಂದಳು ಗಂಡನಿಗೆ.

"ಆಗತ್ತೇನೇ ನನ್ನ ಕೈಲಿ? ನಿಂಗೊತ್ತಿಲ್ವಾ?"

"ನಿಂತ್ಕೋ ಅಂದೆ. ಬತ್ತಿ ಹಿಡ್ಕೊಂಡು ನಿಂತ್ಕೋ."

ಅವನು ಕೋಲು ಬಿಟ್ಟು, ಎರಡೂ ಕೈಯಿಂದ ಬತ್ತಿ ಹಿಡಿದು, ಹಲ್ಲು ಕಚ್ಚಿ ಸೊಂಟ ಎತ್ತಿದ. ನೋವಿಗೆ ಹಣೆಯ ಮೇಲೆ ಬೆವರೊಡೆಯಿತು. ಮಡಿಚಿಕೊಂಡಿದ್ದ ಬೆನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡಿತು. ಗೇಣು ಇದ್ದದ್ದು ನಾಲ್ಕು ಬೆರಳಾಯಿತು. ಮೂರಾಯಿತು. ಆಮೇಲೆ ಕಾಲು ನಡುಗಿ ಅವನು ಮತ್ತೆ ಕುಸಿದ.

ಆಗ, ದೇವರೇ, ಆಗ ನನಗೆ ನೆನಪಾಯಿತು: ಸಕೆಲಾರಿ ನೆಟ್ಟಗೆ ನಡೆಯುತ್ತಿದ್ದ ಕಾಲವೊಂದಿತ್ತು. ಮೊದಲ ಸಲ ದೋಣಿ ಹತ್ತಿದ ವರ್ಷವೇ ಸಮುದ್ರ ಅವನನ್ನು ಹಿಡಿಯಿತು. ಅವನನ್ನು ಹೊತ್ತು ತಂದ ಆ ಚಳಿಗಾಲವೇ ಥೆಮೆಲಿನಾಳ ಅಪ್ಪ ತರಾತುರಿಯಲ್ಲಿ ಅವಳನ್ನು ನಮ್ಮಣ್ಣನಿಗೆ ಕೊಟ್ಟದ್ದು. ಎಷ್ಟೋ ವರ್ಷದ ಮೇಲೆ ಅವನು ಲೇರೊಸ್‌ನಿಂದ ಹೆಂಡತಿಯನ್ನು ತಂದ. ನಾವು ದಿನಾ ನೋಡಿ ನೋಡಿ ಅವನು ಹುಟ್ಟಿದ್ದೇ ಹೀಗೆ ಅಂದುಕೊಂಡಿದ್ದೆವು. ನಮ್ಮಣ್ಣನ ಮನೆಗೆ ಬಂದ ಮೇಲೆ ಅವಳು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ. ಸುಳಿದಿದ್ದರೆ ಈಗಿನ ಎತ್ತರ ತಿಳಿದಿರುತ್ತಿತ್ತು.

ಸೆವಾಸ್ತಿ ಅಂಗೈಯನ್ನು ಗಂಡನ ನೆತ್ತಿಯ ಮೇಲಿಟ್ಟಳು. ಅಲ್ಲಿಂದ ಬತ್ತಿಯ ಮೇಲೆಯೇ ಸವರುತ್ತ, ತುದಿಯ ದಾರದವರೆಗೂ ಒಯ್ದಳು. ಕೈ ಅಲ್ಲೇ ನಿಂತಿತು. ಸಕೆಲಾರಿ ಹೆಂಡತಿಯ ಮುಖ ನೋಡಲಿಲ್ಲ, ಬಾಗಿಲ ಕಡೆಯೂ ನೋಡಲಿಲ್ಲ.

"ಥೆಮೆಲಿನಕ್ಕಾ," ಅಂತ ಕರೆದಳು. ದನಿಯಲ್ಲಿ ಕೋಪದ ಸುಳಿವೇ ಇರಲಿಲ್ಲ. "ಇಷ್ಟು ಎತ್ತರ ಇದ್ನಾ ಇವನು?"

ಇಡೀ ಊರು ಬಾಗಿಲ ಕಡೆ ತಿರುಗಿತು.

"ಇದ್ದ," ಅಂದಳು ನಮ್ಮತ್ತಿಗೆ.

ಸೆವಾಸ್ತಿ ಆ ಗೇಣಿನಷ್ಟು ಮೇಣವನ್ನೇ ನೋಡುತ್ತ ನಿಂತಳು. ಪಾದ್ರಿಗಳು ಕಡ್ಡಿ ಗೀರಿ ಸಕೆಲಾರಿಯ ಕೈಗೆ ಕೊಡಲು ಬಂದರೆ, ತಡೀರಿ ಅನ್ನುವ ಹಾಗೆ ಕೈ ಅಡ್ಡ ಮಾಡಿದಳು.

"ನಾನು ನೋಡ್ಲೇ ಇಲ್ವಲ್ಲ ಅಕ್ಕ," ಅಂದಳು. "ಹಚ್ಚಿಬಿಟ್ರೆ ಕರಗಿ ಹೋಗತ್ತೆ. ಒಂಚೂರು ನೋಡ್ಕೋತೀನಿ."