ಪೈನ್ ಕಾಡಿನಲ್ಲಿ ಕರ್ಪೂರ

ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಬಡಾವಣೆಯ ನಮ್ಮ ಮನೆಯಲ್ಲಿ ದೇವರಿಗೆಂದು ಬೇರೆ ಕೋಣೆಯಿಲ್ಲ. ಅಡುಗೆಮನೆಯ ಮೂಲೆಯ ಒಂದು ಕಪಾಟನ್ನು, ಸಕ್ಕರೆ ಹಿಟ್ಟುಗಳ ನೆರೆಹೊರೆಯ ಸಮೇತ, ಅವನಿಗೆ ಬಿಟ್ಟುಕೊಟ್ಟಿದ್ದೇವೆ. ಅಲ್ಲೊಂದು ಪುಟ್ಟ ಸ್ಟೀಲ್ ಡಬ್ಬಿ. ಒಳಗೆ ಹತ್ತಿರದ ಟಿವಿಡೇಲಿನ ಬಾಲಾಜಿ ಗುಡಿಗೆ ಹೋದಾಗ ತಂದ ಕರ್ಪೂರ, ಅದರ ನಡುವೆ ನಾಲ್ಕು ಕಾಳುಮೆಣಸು. ಧಾರವಾಡದ ಶಿವಭಕ್ತರಾದ ನಮಗೆ ಈ ಊರಿನ ವಾರಾಂತ್ಯಗಳಲ್ಲಿ ವೆಂಕಟರಮಣನೇ ಗತಿ. ಮೆಣಸು ಹಾಕಿಟ್ಟರೆ ಕರ್ಪೂರ ಹಾರಿಹೋಗುವುದಿಲ್ಲವೆಂದು ಅವ್ವ ಹೇಳುತ್ತಿದ್ದಳು. ಹಾರಿಯೇ ಹೋಗುತ್ತದೆ. ಖಾಲಿಯಾದ ಡಬ್ಬಿಯನ್ನು ಮುಚ್ಚಳ ತೆಗೆದಿಟ್ಟು ನೋಡಿ: ಮೊದಲ ದಿನ ಅಡುಗೆಮನೆಯೆಲ್ಲ ಘಮ, ಮರುದಿನ ಅದರರ್ಧ, ನಾಲ್ಕನೆಯ ದಿನಕ್ಕೆ ಮೂಗನ್ನು ಡಬ್ಬಿಯೊಳಗೇ ಇಳಿಸಬೇಕು. ಈ ಇಳಿಕೆಯ ಲೆಕ್ಕ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆ ವರ್ಷಗಳಲ್ಲಿ ನನ್ನ ಕೆಲಸ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಕಾಡಿನ ಉಸಿರನ್ನು ಅಳೆಯುವುದು. ಮರಗಳು ಗಾಳಿಗೆ ಬಿಡುವುದು ಆಮ್ಲಜನಕವನ್ನಷ್ಟೇ ಅಲ್ಲ. ಉತ್ತರ ದೇಶಗಳ ಪೈನ್, ಸ್ಪ್ರೂಸ್ ಮರಗಳು ಹಗಲಿರುಳೂ ಬಗೆಬಗೆಯ ಸುಗಂಧದ್ರವ್ಯಗಳನ್ನು ಹೊರಸೂಸುತ್ತವೆ, ಅವು ಆಕಾಶಕ್ಕೇರಿ, ಬೇರೆ ಅನಿಲಗಳೊಂದಿಗೆ ಕೂಡಿ, ಸಣ್ಣ ಕಣಗಳಾಗಿ, ಕೆಲವೊಮ್ಮೆ ಮೋಡಕ್ಕೇ ಬೀಜವಾಗುತ್ತವೆ. ಎಷ್ಟು ಬಿಡುತ್ತವೆ, ಯಾವಾಗ ಬಿಡುತ್ತವೆ ಎಂದು ತಿಳಿಯಲು ಕೊಂಬೆಗೊಂದು ಪಾರದರ್ಶಕ ಚೀಲ ಕಟ್ಟಿ, ಅದರೊಳಗಿನ ಗಾಳಿಯನ್ನು ಒಂದು ಕೊಳವೆಯ ಮೂಲಕ ಪಂಪಿನಿಂದ ಎಳೆದು, ಬೆರಳುದ್ದದ ಉಕ್ಕಿನ ನಳಿಗೆಗಳಲ್ಲಿ ಹಿಡಿದಿಡುತ್ತೇವೆ. ನಳಿಗೆ ಬರ್ಮಿಂಗ್‌ಹ್ಯಾಮಿಗೆ ಬಂದಮೇಲೆ ಯಂತ್ರ ಅದನ್ನು ಬಿಸಿಮಾಡಿ, ಒಂದೊಂದು ದ್ರವ್ಯಕ್ಕೂ ಕಾಗದದ ಮೇಲೆ ಒಂದೊಂದು ಶಿಖರವನ್ನು ಬರೆಯುತ್ತದೆ; ದ್ರವ್ಯ ಹೆಚ್ಚಿದ್ದಷ್ಟೂ ಶಿಖರ ಎತ್ತರ. ಒಂದು ಹನಿ ಸೆಂಟು ಹಾಕಿಕೊಂಡವರನ್ನು ಕಾಡಿನ ಹತ್ತಿರ ಸುಳಿಯಗೊಡದಷ್ಟು ಮಡಿ ನಮ್ಮದು. ಊರಿನ ಅಜ್ಜಿಯರ ಮಡಿ ಇದರ ಮುಂದೆ ಏನೇನೂ ಅಲ್ಲ.

ಅಂಥ ಮಡಿಯನ್ನು ಮುರಿದವಳು ನಾನೇ. ಆ ಅಕ್ಟೋಬರಿನಲ್ಲಿ ಹೆಲೆನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಫಿನ್‌ಲ್ಯಾಂಡಿನ ಕಾಡಿಗೆ ಹೊರಟಿದ್ದಳು. ಅವಳ ಪ್ರಬಂಧದ ಕೊನೆಯ ಅಧ್ಯಾಯ ಆ ಪ್ರವಾಸವನ್ನೇ ನಂಬಿತ್ತು, ಅವಳ ವೇತನ ಮುಗಿಯಲು ಕೆಲವೇ ತಿಂಗಳು ಉಳಿದಿದ್ದವು. ಮುಂಜಾನೆಯ ವಿಮಾನ, ನಮ್ಮ ಮನೆ ದಾರಿಯಲ್ಲೇ ಇದ್ದುದರಿಂದ ಹೊಸ ಪಂಪು, ಚೀಲ, ಕೊಳವೆ, ನಳಿಗೆಗಳ ಪೆಟ್ಟಿಗೆಯನ್ನು ಹಿಂದಿನ ದಿನವೇ ನಾನು ಮನೆಗೆ ತಂದಿಟ್ಟಿದ್ದೆ. ಆ ದಿನ ಆಯುಧಪೂಜೆ. ಕಾರಿಗೆ, ಮಿಕ್ಸಿಗೆ, ನಮ್ಮ ಮನೆಯವರ ಸ್ಟೆತಸ್ಕೋಪಿಗೆ ಕುಂಕುಮ ಇಟ್ಟ ಕೈ ಆ ಪೆಟ್ಟಿಗೆಯನ್ನು ಹೇಗೆ ತಾನೇ ಬಿಟ್ಟೀತು? ಮುಚ್ಚಳ ತೆರೆದೆ. ಕೆಮಿಸ್ಟ್ರಿ ಓದಿದವಳಲ್ಲವೇ, ನಳಿಗೆಗಳ ಹಿತ್ತಾಳೆಯ ಟೋಪಿಗಳು ಬಿಗಿಯಾಗಿವೆಯೇ ಎಂದು ಎರಡೆರಡು ಸಲ ತಿರುವಿ ನೋಡಿದೆ. ಆಮೇಲೆ ಹೆಲೆನ್ನಳ ಹೆಸರು ಹೇಳಿ, ಹೋದ ಕೆಲಸ ಹಣ್ಣಾಗಲೆಂದು ಕರ್ಪೂರದಾರತಿ ಬೆಳಗಿದೆ. ಗಾಳಿ ಎಳೆಯುವ ಕೊಳವೆಯ ಬಾಯಿ ಮಾತ್ರ ತೆರೆದೇ ಇತ್ತು. ಅದರ ಯೋಚನೆಯೇ ಬರಲಿಲ್ಲ.

ನವೆಂಬರಿನಲ್ಲಿ ಯಂತ್ರ ಶಿಖರಗಳನ್ನು ಬರೆಯಿತು. ಪೈನಿನ ಎಂದಿನ ದ್ರವ್ಯಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಅವುಗಳ ಮುಂದೆ, ಯಾರೂ ನಿರೀಕ್ಷಿಸದ ಎತ್ತರದಲ್ಲಿ, ಕರ್ಪೂರ. ಪೈನ್ ಮರದಲ್ಲಿ ಅದು ಇರಲೇಬಾರದೆಂದೇನಿಲ್ಲ, ಒಂದಿಷ್ಟು ಇರುವುದುಂಟು. ಹೆಲೆನ್ ಹಾಳೆಗಳನ್ನು ಹರಡಿಕೊಂಡು ನನ್ನನ್ನು ಕರೆದಳು. ಮೊದಲ ದಿನ ಅತಿ ಹೆಚ್ಚು, ಆಮೇಲೆ ದಿನದಿನಕ್ಕೂ ಕಡಿಮೆ. "ನಾನು ಹೋದ ದಿನವೇ ಮೊದಲ ಹಿಮ ಬಿತ್ತು," ಎಂದಳು. "ಮರ ಚಳಿಗೆ ಬೆದರಿ ಇದನ್ನು ಬಿಟ್ಟಿದೆ. ಯಾರೂ ಬರೆದಿಲ್ಲ ಇದನ್ನ." ಅಷ್ಟು ಸಂತೋಷದ ಮುಖವನ್ನು ನಾನು ಆ ಲ್ಯಾಬಿನಲ್ಲಿ ನೋಡಿರಲಿಲ್ಲ. ನನಗೆ ಕಂಡದ್ದು ಮಾತ್ರ ನಮ್ಮ ಕಪಾಟಿನ ಖಾಲಿ ಡಬ್ಬಿ: ಮೊದಲ ದಿನ ಘಮ, ಮರುದಿನ ಅರ್ಧ, ನಾಲ್ಕನೆಯ ದಿನ ಇದ್ದೂ ಇಲ್ಲದಷ್ಟು.

ಎಲ್ಲರೂ ಹೋದಮೇಲೆ, ಕಾಡಿಗೆ ಹೋಗಿಬಂದ ಅದೇ ಕೊಳವೆಗೆ ಶುದ್ಧ ಗಾಳಿ ಹಾಯಿಸಿ, ಬಂದದ್ದನ್ನು ಯಂತ್ರಕ್ಕೆ ಕೊಟ್ಟೆ. ಸಣ್ಣದಾದರೂ ಸಂದೇಹವಿಲ್ಲದ ಶಿಖರ ಅದೇ ಜಾಗದಲ್ಲಿ ಎದ್ದಿತು. ನಿಮ್ಮಲ್ಲಿ ಮುಚ್ಚುಮರೆ ಏಕೆ, ಸುಮ್ಮನಿದ್ದುಬಿಡುವ ಆಸೆ ನನಗೆ ಬಲವಾಗಿಯೇ ಬಂತು. ಯಂತ್ರಕ್ಕೆ ಕಾಡಿನ ಕರ್ಪೂರವೂ ಒಂದೇ, ಕಪಾಟಿನ ಕರ್ಪೂರವೂ ಒಂದೇ. ಎಲ್ಲಿಂದ ಬಂದೆ ಎಂದು ಅದು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳುವ ಕೆಲಸ ಮನುಷ್ಯರದು, ಸಂಬಳ ತೆಗೆದುಕೊಳ್ಳುವ ನನ್ನಂಥವರದು. ಊಟದ ಹೊತ್ತಿಗೆ ಮನೆಯವರ ಮುಂದೆ ಬಾಯಿಬಿಟ್ಟೆ. ಅವರು ಆಸ್ಪತ್ರೆಯ ಮಾತಿನಲ್ಲೇ ಉತ್ತರ ಕೊಟ್ಟರು: "ರಿಪೋರ್ಟ್ ತಪ್ಪೈತಿ ಅಂತ ಗೊತ್ತಾದ್ರ ಪೇಷಂಟಿಗೆ ಅವತ್ತ ಹೇಳಬೇಕು ನೋಡು. ನಾಳೆ ಅಂದ್ರ ಆತ ಔಷಧ ತಗೊಂಡ್‌ ಕುಂತಿರ್ತಾನ." ಆಮೇಲೆ ಮೊಸರನ್ನ ಕಲಸುತ್ತ, "ನನ್ನ ಸ್ಟೆತಸ್ಕೋಪಿಗೂ ಹಚ್ಚಿದ್ದೆಲ್ಲ, ಅದರಾಗ ಏನ್ ಕೇಳಸ್ತದೋ," ಎಂದು ಸೇರಿಸಿದರು.

ಮರುದಿನ ಹೆಲೆನ್ನಳಿಗೆ ಎಲ್ಲ ಹೇಳಿದೆ. ಆರತಿ ಎಂದರೇನೆಂದು ವಿವರಿಸುವಾಗ ನನ್ನ ಇಂಗ್ಲಿಷ್ ತಡವರಿಸಿತು. ಅವಳು ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟಳು.

"ನನಗೋಸ್ಕರ ಮಾಡಿದ್ದಾ?" ಎಂದು ಕೇಳಿದಳು.

"ಹೌದು."

"ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ," ಎಂದಳು. ಅದು ಕ್ಷಮೆಯೋ ದೂರೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಪ್ರವಾಸದ ಅಂಕಿಗಳನ್ನೆಲ್ಲ ಅವಳು ಬದಿಗಿಟ್ಟಳು; ವಸಂತದಲ್ಲಿ ಮತ್ತೊಮ್ಮೆ ಹೋಗಲು ಅವಳ ಪ್ರೊಫೆಸರು ಒಪ್ಪಿದರು, ಪ್ರಬಂಧ ಅರ್ಧ ವರ್ಷ ತಡವಾಯಿತು, ವೇತನವಿಲ್ಲದ ಆ ತಿಂಗಳುಗಳಲ್ಲಿ ಅವಳು ಸಂಜೆಯ ಹೊತ್ತು ಅಂಗಡಿಯೊಂದರಲ್ಲಿ ಕೆಲಸ ಮಾಡಿದಳು. ಒಂದು ಚಿಟಿಕೆ ಕರ್ಪೂರ ಇನ್ನೊಬ್ಬರ ಆಯುಸ್ಸಿನ ಆರು ತಿಂಗಳನ್ನು ತೆಗೆದುಕೊಂಡಿತು. ಹಾರೈಕೆಗೂ ಒಂದು ಅಳತೆ ಇರಬೇಕೆಂದು ನನಗೆ ಅರಿವಾದದ್ದು ಆಗ. ಪ್ರೀತಿಯೂ ಮರದ ಉಸಿರಿನ ಹಾಗೆ ನಮ್ಮಿಂದ ಹೊರಟಮೇಲೆ ನಮ್ಮ ಮಾತು ಕೇಳುವುದಿಲ್ಲ, ಎಲ್ಲಿ ಹೋಗಿ ಯಾವುದರೊಂದಿಗೆ ಕೂಡುತ್ತದೋ ಹೇಳಲಾಗದು.

ಏಪ್ರಿಲಿನ ಒಂದು ಬೆಳಿಗ್ಗೆ, ಮತ್ತೆ ಫಿನ್‌ಲ್ಯಾಂಡಿಗೆ ಹೊರಟ ಅವಳೇ ನಮ್ಮ ಮನೆಗೆ ಕಾರು ತಂದಳು. ಪೆಟ್ಟಿಗೆ ಈ ಸಲ ಲ್ಯಾಬಿನಿಂದ ನೇರವಾಗಿ ಬಂದಿತ್ತು, ಕಾರಿನ ಹಿಂಭಾಗದಿಂದ ಕೆಳಗಿಳಿಯಲೇ ಇಲ್ಲ. ನಾನು ಬಾಗಿಲಲ್ಲೇ ನಿಂತು ಶುಭ ಕೋರಿದೆ. ಅವಳು ಕಾರಿನ ಬಾಗಿಲುಗಳನ್ನು ಮುಚ್ಚಿ, ಮುಚ್ಚಿದ್ದನ್ನು ಎಳೆದು ನೋಡಿ, ಕೋಟನ್ನೂ ಒಳಗೇ ಬಿಟ್ಟು, ಬರಿಗೈಯಲ್ಲಿ ನಮ್ಮ ಅಡುಗೆಮನೆಗೆ ಬಂದು ಕಪಾಟಿನ ಮುಂದೆ ನಿಂತಳು.

"ಪೆಟ್ಟಿಗೆಗೆ ಬೇಡ," ಎಂದಳು. "ನನಗೆ ಮಾಡಿ."

ಡಬ್ಬಿ ತೆರೆದೆ. ಮೆಣಸಿನ ಕಾಳುಗಳು ಹಾಗೇ ಇದ್ದವು; ಕರ್ಪೂರ ಒಂದೇ ಚೂರು ಉಳಿದಿತ್ತು. ಅದನ್ನು ಹಚ್ಚಿ ಅವಳ ಮುಖಕ್ಕೆ ಬೆಳಗಿದೆ. ಉರಿಯ ಮೇಲೆ ಅಂಗೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದನ್ನು ಹೇಳಿಕೊಟ್ಟೆ, ಹಾಗೇ ಮಾಡಿದಳು. ಆಮೇಲೆ ಸಿಂಕಿನ ಹತ್ತಿರ ಹೋಗಿ, ತೋಳು ಮಡಚಿ, ಸೋಪು ಹಚ್ಚಿ, ಮೊಣಕೈತನಕ ಎರಡು ಸಲ ಕೈ ತೊಳೆದುಕೊಂಡು ಮುಖವನ್ನೂ ತೊಳೆದಳು, ನಾನು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ.