ಅತ್ತೆಯ ಹಿಂದೆ ಹಾಡುತ್ತಿದ್ದವಳು

ಗೆಳೆಯರೇ, ಇವತ್ತು ನಾನು ಗೆದ್ದೆ! ದೀಪಾವಳಿ ಕಳೆದಾಗಿನಿಂದ ವಾಡಿ ಜಂಕ್ಷನ್ ಪಕ್ಕದ ನಮ್ಮ ಮನೆಯಲ್ಲಿ ಅತ್ತೆಯ ದಾಸರ ಪದಗಳನ್ನು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಒದ್ದಾಡುತ್ತಿದ್ದೆ. ಅವರು ಹಾಡಿದ್ದು ಹೆಡ್‌ಫೋನಿಗೆ ತುಸು ತಡವಾಗಿ ಮರಳುತ್ತಿತ್ತು. ಎರಡನೇ ಸಾಲಿಗೇ ಅದನ್ನು ಕಿತ್ತಿಟ್ಟು, "ನನ್ನ ಹಿಂದ ಯಾರವಾ ಹಾಡಲಿಕತ್ತಾಳ? ಆಕಿಗಿ ಸುಮ್ಮ ಕುಂದ್ರು ಅಂತ ಹೇಳು" ಎನ್ನುತ್ತಿದ್ದರು.

"ಪುಕ್ಕಟ ಸಿಕ್ಕಿದ್ದು ಹಿಂಗೇ ಇರ್ತದ, ತಗದು ಒಗಿ" ಎಂದರು ನಮ್ಮ ಯಜಮಾನರು. ಅಲ್ಲಿಗೆ ನನಗೆ ಹಟ ಬಂತು.

ಹೇಳಿದ ಕೆಲಸವನ್ನು ಆ ಕ್ಷಣಕ್ಕೇ ಮಾಡುವ ರಿಯಲ್‌ಟೈಮ್ ಕರ್ನಲ್ ಹಾಕಿದೆ. ದನಿಯನ್ನು ಕೂಡಿಟ್ಟುಕೊಂಡು ತಡಮಾಡುತ್ತಿದ್ದ ಬಫರನ್ನು ೧೦೨೪ರಿಂದ ೬೪ಕ್ಕೆ ಇಳಿಸಿದೆ. ತಡವೇನೋ ಹೋಯಿತು, ಚಟಪಟ ಸದ್ದು ಶುರುವಾಯಿತು. ಆಗ ಪ್ರೊಸೆಸರಿಗೆ ನಮ್ಮ ಮನೆಯ ಕಾಯಿದೆಯನ್ನೇ ಕಲಿಸಿದೆ: ಮೊದಲು ಅತ್ತೆಯ ದನಿ, ಉಳಿದವರದೆಲ್ಲ ಆಮೇಲೆ. ಸದ್ದಡಗಿತು.

ಇವತ್ತು ಮಧ್ಯಾಹ್ನ ಗೂಡ್ಸ್ ಗಾಡಿಯ ಸಪ್ಪಳ ನಿಂತ ಮೇಲೆ ಅತ್ತೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಇಡೀ ಪದ ಹಾಡಿದರು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಬೈಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಚಪ್ಪಲಿ ಬಿಟ್ಟು ಒಳಬಂದು ಕೂತರು.

ಹಾಡು ಮುಗಿಸಿದ ಅತ್ತೆ ಹಿಂದೆ ತಿರುಗಿ ನೋಡಿದರು. "ಆಕಿ ಎಲ್ಲಿ ಹೋದ್ಳವಾ?"

"ಓಡಿಸಿಬಿಟ್ಟೀನ್ರಿ ಅತ್ತಿ!" ಎಂದೆ, ಎದೆಯುಬ್ಬಿಸಿ.

ಅತ್ತೆ ನಿಟ್ಟುಸಿರಿಟ್ಟರು. "ಪಾಪ, ಭಾಳ ಛಲೋ ಹಾಡ್ತಿದ್ಳು."

ಭಜನಾ ಮಂಡಳಿಯ ಒಬ್ಬರನ್ನೂ ಈವರೆಗೆ ಹೊಗಳದ ನಮ್ಮ ಅತ್ತೆ ಮೊದಲ ಸಲ ಇನ್ನೊಬ್ಬ ಹಾಡುಗಾರ್ತಿಯನ್ನು ಮೆಚ್ಚಿದ್ದರು. ಅವಳನ್ನೇ ನಾನು ಮನೆಯಿಂದ ಓಡಿಸಿದ್ದೆ.