ಹಣ್ಣು ವಾರಕ್ಕೆ ಎಷ್ಟು ಸಲ?

ಆ ಬೀದಿಯ ಮಕ್ಕಳು ಅವಳಿಗೆ ಇಟ್ಟ ಹೆಸರು ಊಟದಕ್ಕ. ಅವಳ ಚಪ್ಪಲಿಯ ಸದ್ದು ಮೂಲೆಯಲ್ಲಿ ಕೇಳಿದರೆ ಸಾಕು, "ಊಟದಕ್ಕ ಬಂದ್ಲು, ಬಾಯಿ ಒರೆಸ್ಕೊಳ್ರೋ!" ಎಂದು ಕೂಗುತ್ತಾ ಓಡುತ್ತಿದ್ದವು. ಮನೆಮನೆಗೆ ಹೋಗಿ ಸೊಪ್ಪು ವಾರಕ್ಕೆ ಎಷ್ಟು ಸಲ, ಹಣ್ಣು ಎಷ್ಟು ಸಲ, ಹಾಲು ದೊಡ್ಡ ಲೋಟವೋ ಚಿಕ್ಕದೋ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಸಾವಿರಾರು ಜನ ಈಗ ಏನು ತಿನ್ನುತ್ತಾರೆ, ಮುಂದೆ ಅವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಯಾರ ಹೃದಯ ಕೈಕೊಡುತ್ತದೆ ಎಂದು ವರ್ಷಗಟ್ಟಲೆ ನೋಡುವ ದೊಡ್ಡ ಅಧ್ಯಯನ ಅದು. ಮನೆಯಲ್ಲಿ ಅತ್ತೆ ಮಾತ್ರ ಮೂಗು ಮುರಿಯುತ್ತಿದ್ದರು. "ಊರವರ ಹೊಟ್ಟೆ ವಿಚಾರ ಎಲ್ಲಾ ಗೊತ್ತು ನಮ್ಮ ಸೊಸೆಗೆ. ಗಂಡ ಉಂಡನೋ ಇಲ್ವೋ, ಅದೊಂದು ಗೊತ್ತಿಲ್ಲ."

ಅಂದು ಬೆಳಿಗ್ಗೆ ಮೇಲ್ವಿಚಾರಕರು ಅವಳನ್ನು ಆ ಅಧ್ಯಯನ ನಡೆಸುವ ಆಸ್ಪತ್ರೆಯ ಹಿಂಬದಿಯ ಕೋಣೆಗೆ ಕರೆಸಿದರು. ಮೇಜಿನ ತುಂಬಾ ಅಳತೆ ತೋರಿಸಲು ಒಯ್ಯುವ ಪ್ಲಾಸ್ಟಿಕ್ ಬಟ್ಟಲು, ಲೋಟಗಳು. ಅವುಗಳನ್ನು ಪಕ್ಕಕ್ಕೆ ಸರಿಸಿ ಅವರು ಫೋನಿನಲ್ಲಿ ಅವಳು ಮನೆಗಳಲ್ಲಿ ಪ್ರಶ್ನೆ ಕೇಳುವಾಗ ಮಾಡಿಕೊಂಡಿದ್ದ ರೆಕಾರ್ಡಿಂಗ್ ಹಾಕಿದರು.

ಯಾರೋ ಅಜ್ಜಿಯ ದನಿ: "ಸೊಪ್ಪಾ? ದಿನಾ ತಿಂತೀನಿ." ಅದರ ಬೆನ್ನಿಗೇ ಅವಳ ದನಿ: "ಒಳ್ಳೇದು."

ಇನ್ನೊಂದು ಮನೆ. "ಸಿಹಿ ತಿಂಡಿ?" "ಅಯ್ಯೋ, ಮುಟ್ಟೋದೇ ಇಲ್ಲ." "ತುಂಬಾ ಒಳ್ಳೇದಮ್ಮ."

"ನಿಮ್ಮ ಏರಿಯಾದವರು ಹಸುಗಳ ಹಾಗೆ ಸೊಪ್ಪು ಮೇಯ್ತಾರೆ ಕಣಮ್ಮ," ಎಂದರು ಮೇಲ್ವಿಚಾರಕರು. "ಪಕ್ಕದ ಏರಿಯಾದವರು ಹಾಗೆ ತಿನ್ನಲ್ಲ. ಇಬ್ಬರಿಗೂ ಮಾರ್ಕೆಟ್ ಒಂದೇ. ನಿಮ್ಮ 'ಒಳ್ಳೇದು' ಕೇಳೋಕೆ ಅಂತಾನೇ ಜನ ಬರೀ ಮಾತಲ್ಲೇ ತಿಂದುಬಿಟ್ಟಿದ್ದಾರೆ."

ಅವಳ ಕಿವಿ ಬಿಸಿಯಾಯಿತು. ಬಾಗಿಲು ತೆರೆದು ಕೂರಿಸಿ, ನೀರು ಕೊಟ್ಟು ಮಾತಾಡಿದವರಿಗೆ ಅಷ್ಟೂ ಅನ್ನದಿದ್ದರೆ ಹೇಗೆ ಎಂದುಕೊಂಡು ಆಡಿದ ಮಾತು ಅದು. ಈಗ ಕೆಲವು ಮನೆಗಳಲ್ಲಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕಂತೆ. ಹೂಂ ಅನ್ನಬಾರದು, ನಗಬಾರದು, ಹಿಂದಿನ ಉತ್ತರ ಏನಿತ್ತೆಂದು ಬಾಯಿ ಬಿಡಬಾರದು. ಹಳೆಯದಕ್ಕೂ ಹೊಸದಕ್ಕೂ ತಾಳೆಯಾದರೆ ಅವಳ ಏರಿಯಾ ಉಳಿಯುತ್ತದೆ. ಇಲ್ಲದಿದ್ದರೆ ಅವಳು ಬಿಸಿಲಲ್ಲಿ ಅಲೆದು ತಂದದ್ದೆಲ್ಲ ಕಸದ ಬುಟ್ಟಿಗೆ.

ಮೊದಲ ಮನೆ ಇಸ್ತ್ರಿಯವಳದು. ಮೆಟ್ಟಿಲಿನ ಕೆಳಗಿನ ಇಕ್ಕಟ್ಟಿನಲ್ಲಿ ಅವಳ ಮೇಜು. ಬಟ್ಟೆಯ ರಾಶಿಯ ಮಧ್ಯೆ ಬಿಸಿ ಹಬೆ.

"ಬಾ ತಾಯಿ! ಇದೇನು, ಮುಖ ಊದಿಸ್ಕೊಂಡಿದೀಯ? ಗಂಡನ ಜೊತೆ ಜಗಳಾನಾ?"

"ಏನಿಲ್ಲಮ್ಮ. ಸೊಪ್ಪು ವಾರಕ್ಕೆ ಎಷ್ಟು ಸಲ ತಿಂತೀರಿ?"

"ಅದು ಹೋದ ಸಲಾನೇ ಹೇಳಿದ್ನಲ್ಲ."

"ಮತ್ತೆ ಹೇಳಿ."

ಇಸ್ತ್ರಿಯವಳು ಅವಳ ಮುಖವನ್ನೇ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ. "ಎರಡು ಸಲ... ಕಮ್ಮಿ ಆಯ್ತಾ?"

ಅವಳು ತಲೆ ಎತ್ತದೆ ಬರೆದುಕೊಂಡಳು. "ಹಣ್ಣು?"

"ಹೋದ ಸಲ ಏನಂದಿದ್ದೆ? ಅದನ್ನೇ ಬರ್ಕೋ. ಇಲ್ಲಾ ನೀನೇ ಹೇಳು, ಅದನ್ನೇ ಹೇಳ್ತೀನಿ."

ಹೋದ ಸಲ ದಿನಾ ಎಂದಿದ್ದಳು. ಆ ಒಂದು ಮಾತು ಊಟದಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು ಅವಳು ಪೆನ್ನನ್ನು ಬಿಗಿಯಾಗಿ ಹಿಡಿದಳು.

"ಮೊಮ್ಮಗಳಿಗೆ ಜ್ವರ ಬಂದಾಗ ತರ್ತೀವಿ," ಎಂದಳು ಇಸ್ತ್ರಿಯವಳು ಕೊನೆಗೆ, ಇಸ್ತ್ರಿಪೆಟ್ಟಿಗೆಯನ್ನು ಠಪ್ಪನೆ ಇಟ್ಟು. "ಅವಳು ಬಿಟ್ಟಿದ್ದು ನಾನು ತಿಂತೀನಿ. ಸಮಾಧಾನ ಆಯ್ತಾ? ನನ್ನ ಬಾಯಿಂದ ಇದನ್ನ ಹೊರಡಿಸೋಕೆ ಇಷ್ಟು ಬಿಗುಮಾನ ಬೇಕಿತ್ತಾ?"

ಮೊಮ್ಮಗಳು ಬಿಟ್ಟಿದ್ದು ಎಂಬುದಕ್ಕೆ ಪ್ರಶ್ನೆಗಳ ಹಾಳೆಯಲ್ಲಿ ಜಾಗವಿರಲಿಲ್ಲ. ತಿಂಗಳಿಗೆ ಒಮ್ಮೆಗಿಂತ ಕಡಿಮೆ ಎಂಬಲ್ಲಿ ಗುರುತು ಹಾಕಿದಳು. ಹೊರಗೆ ಬಂದು ಗೋಡೆಯ ನೆರಳಿನಲ್ಲಿ ನಿಂತು ಮೇಲ್ವಿಚಾರಕರಿಗೆ ಫೋನ್ ಮಾಡಿದಳು.

"ತಾಳೆ ಆಗಲಿಲ್ಲ ಸರ್. ಆದರೆ ಇವತ್ತು ಹೇಳಿದ್ದು ನಿಜ."

"ಹೇಗೆ ಗೊತ್ತು? ಮುಖ ಗಂಟು ಹಾಕ್ಕೊಂಡು ಕೇಳಿರ್ತೀರಿ, ಅವರು ಹೆದರಿ ಕಮ್ಮಿ ಹೇಳಿರ್ತಾರೆ. ಇದನ್ನೂ ನಂಬೋ ಹಾಗಿಲ್ಲ. ಬಿಡಿ, ಉಳಿದ ಮನೆ ಬೇಡ. ನಿಮ್ಮ ಏರಿಯಾ ಪೂರ್ತಿ ಬೇರೆಯವರ ಕೈಲಿ ಹೊಸದಾಗಿ ಕೇಳಿಸ್ತೀನಿ."

ಫೋನ್ ಕಟ್ಟಾಯಿತು. ನಕ್ಕರೂ ತಪ್ಪು, ನಗದಿದ್ದರೂ ತಪ್ಪು. ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಳತೆಯ ಬಟ್ಟಲುಗಳ ಚೀಲ ಒಳಗೇ ಉಳಿದಿತ್ತು. ಎತ್ತಿಕೊಳ್ಳಲು ಹೋದಾಗ ಇಸ್ತ್ರಿಯವಳ ದನಿ ಮೆತ್ತಗಾಗಿತ್ತು. "ಇನ್ನು ಯಾವಾಗ ಬರ್ತೀಯ?"

"ನಾನು ಬರಲ್ಲಮ್ಮ. ಬೇರೆ ಯಾರೋ ಬಂದು ಕೇಳ್ತಾರೆ."

"ಅವರಿಗೆ ಯಾವುದು ಹೇಳಲಿ? ಹೋದ ಸಲದ್ದಾ, ಇವತ್ತಿಂದಾ?"

"ಇವತ್ತಿಂದು!" ಊಟದಕ್ಕ ಕಿರುಚಿಯೇಬಿಟ್ಟಳು. "ಇವತ್ತಿಂದೇ ಹೇಳಿ."

"ಆಯ್ತು ಬಿಡೇ," ಎಂದಳು ಇಸ್ತ್ರಿಯವಳು, ಮುಂದಿನ ಅಂಗಿ ಹರವಿಕೊಳ್ಳುತ್ತಾ. "ನಿನಗೆ ಅದೇ ಬೇಕು ಅಂತ ಮೊದಲೇ ಅಂದಿದ್ರೆ ಹೋದ ಸಲಾನೂ ಹಾಗೇ ಹೇಳ್ತಿದ್ದೆ."